ಸೊನ್ನೆ ತಾರೀಕು

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಶಹಾಪುರದ ತಹಸೀಲು ಕಚೇರಿಗೆ ಮೈಸೂರು ಕಡೆಯ ಶಿರಸ್ತೇದಾರರೊಬ್ಬರು ಬಂದರು. ನಿಜಾಮರ ಕಾಲದ ಉರ್ದು ದಾಖಲೆಗಳನ್ನು ಕನ್ನಡದ ಹೊಸ ರಿಜಿಸ್ಟರಿಗೆ ಇಳಿಸುವುದು ಅವರ ಕೆಲಸ. ನಾನು ಸುರಪುರ ಕಡೆಯ ಕುರಿ ಕಾಯುವವರ ಮನೆಯವನು, ಅಲ್ಲಿ ಗುಮಾಸ್ತ.

“ಏನಯ್ಯಾ, ನಿನಗೆ ಉರ್ದು ಬರುತ್ತಾ?” ಎಂದು ಬಂದ ದಿನವೇ ಕೇಳಿದರು.

“ಸ್ವಲ್ಪ ಬರ್ತದ್ರಿ.”

ಮೆಟ್ರಿಕ್‌ವರೆಗೂ ನಾನು ಓದಿದ್ದು ಉರ್ದುವಿನಲ್ಲೇ. ಆದರೆ ನಮ್ಮ ಕಡೆ ಬಲ್ಲವನು ಬಲ್ಲೆ ಎನ್ನುವುದಿಲ್ಲ, ಸ್ವಲ್ಪ ಎನ್ನುತ್ತಾನೆ. ಅವರು ಅದನ್ನು ಸ್ವಲ್ಪವೆಂದೇ ತಿಳಿದು ನನ್ನನ್ನು ಬಸ್ತಾ ಕೋಣೆಗೆ ಹಾಕಿದರು. ಬಟ್ಟೆಯಲ್ಲಿ ಕಟ್ಟಿಟ್ಟ ಹಳೆಯ ಕಾಗದಗಳ ಗಂಟೇ ಬಸ್ತಾ. ಬಿಚ್ಚಿ ಕೊಡುವುದು, ಮತ್ತೆ ಕಟ್ಟಿಡುವುದು, ನನ್ನ ಕೆಲಸ ಅಷ್ಟೇ.

ಹೆಸರುಗಳನ್ನು ವಯಸ್ಸಾದ ಮುನ್ಷಿಯೊಬ್ಬರು ಓದಿ ಹೇಳುತ್ತಿದ್ದರು. ಅಂಕಿಗಳನ್ನು ಮಾತ್ರ ಶಿರಸ್ತೇದಾರರು ತಾವೇ ನೋಡಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ಅವರು ಹಳ್ಳಿಯೊಂದರ ಹೆಸರನ್ನು ತಪ್ಪು ಬರೆದಾಗ ನಾನು ಬಾಯಿ ಹಾಕಿದೆ. “ನಿನ್ನ ಕೆಲಸ ಗಂಟು ಕಟ್ಟೋದು, ಗಂಟು ಕಟ್ಟು,” ಎಂದರು. ಸಿಟ್ಟು ಬಂತು. ಆದರೆ ಅಂದಿನಿಂದ ಆ ಕೋಣೆಯಲ್ಲಿ ಏನು ಓದುತ್ತೀಯ ಎಂದು ಯಾರೂ ಕೇಳದಂತಾಯಿತು. ನಾನು ಒಂದೊಂದೇ ಬಸ್ತಾ ಬಿಚ್ಚಿ ಓದತೊಡಗಿದೆ.

ಒಂದು ದಿನ ಗೋಗಿ ಎಂಬ ಹಳ್ಳಿಯ ವಿಧವೆಯೊಬ್ಬಳು ಬಂದಳು. ಹದಿನೈದನೆಯ ಸರ್ವೆ ನಂಬರಿನ ಹೊಲ ಅವಳದು. ಹೊಸ ರಿಜಿಸ್ಟರಿನಲ್ಲಿ ಅವಳ ಹೆಸರು ಹತ್ತನೆಯ ನಂಬರಿನ ಮುಂದಿತ್ತು. ಹತ್ತೆಂದರೆ ಬರೀ ಕಲ್ಲುಗುಡ್ಡ. ಹದಿನೈದಕ್ಕೆ ವಾರಸುದಾರರಿಲ್ಲ ಎಂದು ಬರೆದಿದ್ದರಿಂದ ಊರಿನ ದೊಡ್ಡ ಕುಳವೊಂದು ಅದಕ್ಕೆ ಆಗಲೇ ಅರ್ಜಿ ಹಾಕಿತ್ತು. ಸೋಮವಾರ ವಿಚಾರಣೆ.

“ಹದಿನೈದರಾಗ ನಮ್ಮ ಮಾವನ ಸಮಾಧಿ ಅದ್ರಿ. ಗುಡ್ಡದಾಗ ಯಾರರ ಹೆಣ ಹೂಳ್ತಾರೇನ್ರಿ?” ಎಂದಳು.

“ದಾಖಲೆ ಸುಳ್ಳು ಹೇಳಲ್ಲಮ್ಮ,” ಎಂದರು ಶಿರಸ್ತೇದಾರರು.

ಅವಳು ಹೋದ ಮೇಲೆ ಗೋಗಿಯ ಬಸ್ತಾ ಬಿಚ್ಚಿದೆ. ದಾಖಲೆ ಸುಳ್ಳು ಹೇಳಿರಲಿಲ್ಲ. ಒಂದರ ಪಕ್ಕ ದುಂಡಗೆ ಒಂದು ಸುತ್ತು. ಉರ್ದುವಿನಲ್ಲಿ ಅದು ಐದು. ಕನ್ನಡದ ಕಣ್ಣಿಗೆ ಸೊನ್ನೆ. ಉರ್ದುವಿನ ಸೊನ್ನೆ ಬರೀ ಚುಕ್ಕಿ. ಶಿರಸ್ತೇದಾರರು ಮಿಕ್ಕ ಅಂಕಿಗಳನ್ನೆಲ್ಲ ಮುನ್ಷಿಯವರಿಂದ ಕೇಳಿ ಕಲಿತಿದ್ದರು. ಸೊನ್ನೆಯನ್ನು ಯಾರಾದರೂ ಕೇಳಿ ಕಲಿಯುತ್ತಾರೆಯೇ?

ನೇರವಾಗಿ ಹೇಳಿದ್ದರೆ ಮತ್ತೆ ಗಂಟು ಕಟ್ಟು ಎನ್ನುತ್ತಿದ್ದರು. ಜಾಣನಾಗಿ ಹೋಗಿ ಒಮ್ಮೆ ಉಗಿಸಿಕೊಂಡಾಗಿತ್ತು. ಈ ಸಲ ದಡ್ಡನಾಗಿ ಹೋದೆ. ಹುಡುಕಿ ತೆಗೆದ ಹಳೆಯ ಪತ್ರವೊಂದನ್ನು ಅವರ ಮೇಜಿನ ಮೇಲಿಟ್ಟೆ.

“ಇದರ ತಾರೀಕು ಏನ್ರಿ ಸಾಹೇಬ್ರ? ನನಗ ತಿಳಿವಲ್ದು.”

ಅವರು ಕನ್ನಡಕ ಏರಿಸಿ ನೋಡಿದರು. “ಸೊನ್ನೆ,” ಎಂದರು.

“ಸೊನ್ನಿ ತಾರೀಕು ಅಂತ ಬರಕೊಳ್ಳೇನ್ರಿ? ನಿಮ್ಮ ಮೈಸೂರಾಗ ಇರ್ತದೇನ್ರಿ ಅದು?”

ನನ್ನನ್ನು ನೋಡಿದರು. ನಾನು ಬಾಯಿ ತೆರೆದು ನಿಂತೇ ಇದ್ದೆ. ಅವರು ಪತ್ರ ತಿರುವಿದರು. ಹಿಂದೆ ಹೆಸರುಗಳ ಪಟ್ಟಿಯಿತ್ತು, ಸಾಲಾಗಿ ಕ್ರಮಸಂಖ್ಯೆ. ಅವರ ಬೆರಳು ಒಂದು, ಎರಡು, ಮೂರು, ನಾಲ್ಕು ದಾಟಿ ಸುತ್ತಿನ ಮೇಲೆ ನಿಂತಿತು. ಮುಂದಿನದು ಆರು. ಕಿವಿ ಕೆಂಪಾಯಿತು. “ನೀನು ಹೋಗಯ್ಯಾ,” ಎಂದರು.

ಹಳೆಯ ದಾಖಲೆಯಲ್ಲಿ ತಾವೊಂದು ಸೂಕ್ಷ್ಮ ಕಂಡುಹಿಡಿದಿರುವುದಾಗಿ ಸಂಜೆಯೊಳಗೆ ಅವರು ತಹಸೀಲ್ದಾರರಿಗೆ ವರದಿ ಮಾಡಿದರು. ಸೋಮವಾರ ಹದಿನೈದನೆಯ ನಂಬರು ವಿಧವೆಯ ಹೆಸರಿಗೆ ಬಂತು. ರಿಜಿಸ್ಟರಿನ ಸೊನ್ನೆಗಳನ್ನೆಲ್ಲ ಮತ್ತೆ ತಾಳೆ ನೋಡಬೇಕಾಗಿ ನನಗೆ ತಿಂಗಳುಗಟ್ಟಲೆ ಬಸ್ತಾ ಬಿಚ್ಚಿ ಕಟ್ಟುವ ಕೆಲಸ ಬಂತು. ಬೇಸರವೇನೂ ಇರಲಿಲ್ಲ. ಒಳಗೊಳಗೇ ನಗುತ್ತಿದ್ದೆ.

ಕೆಲವು ದಿನಗಳ ನಂತರ ಆಕೆ ಹೊಸ ಕರಿ ಕಂಬಳಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ನೇರ ನನ್ನ ಕೋಣೆಯ ಬಾಗಿಲಿಗೇ ಬಂದದ್ದು ನೋಡಿ ಎದ್ದು ನಿಂತೆ. ಸುಳ್ಳೇಕೆ, ಎದೆ ಉಬ್ಬಿತ್ತು.

“ತಮ್ಮಾ, ಸಾಹೇಬರು ನನ್ನ ಹೊಲ ಉಳಿಸ್ಯಾರ. ಅವರಿಗಿ ಕೊಡಬೇಕು, ಹಿಂಗ ಹ್ಯಾಂಗ ಕೊಡ್ಲಿ? ನೀ ಗಂಟ ಕಟ್ಟಾಂವ ಅಂದ್ರು. ಚಂದಗೆ ಒಂದು ಗಂಟ ಕಟ್ಟಾಕ ಬರ್ತದೇನು ನಿನಗ?”

ಕಂಬಳಿಯನ್ನು ತೆಗೆದುಕೊಂಡೆ.

“ಸ್ವಲ್ಪ ಬರ್ತದ ಯವ್ವಾ,” ಎಂದೆ.