ಅಕ್ಕನ ಫೋನಿನಲ್ಲಿ ಕಾಣದ ಕಾಲಂ

ಶಿಗ್ಗಾಂವಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಬಹಳ ವರ್ಷ ಲಗ್ನಪತ್ರಿಕೆ ಹೊಂದಿಸುವ ಕೆಲಸ ಮಾಡಿದವನು. ಆ ಕೆಲಸದಲ್ಲಿ ಮೊದಲು ಕೇಳುವುದು ಕಾಗದದ ಅಳತೆ. ಅದೊಂದು ಗೊತ್ತಾದರೆ ದೇವರ ಚಿತ್ರ ಎಲ್ಲಿ, ವಧೂವರರ ಹೆಸರು ಎಲ್ಲಿ ಎಂಬುದು ತಾನಾಗಿಯೇ ಕೂಡಿಬರುತ್ತದೆ. ಪತ್ರಿಕೆಗಳು ಫೋನಿನಲ್ಲೇ ಹೋಗತೊಡಗಿದ ಮೇಲೆ ಕೈಗೆ ಬಿಡುವು ಸಿಕ್ಕಿತು. ವಿಡಿಯೋ ನೋಡಿ ನೋಡಿ ವೆಬ್ ಪುಟ ಮಾಡುವುದನ್ನು ಕಲಿತೆ.

ನನ್ನ ಮೊದಲ ಪುಟ ಬಸ್ಸಿನ ವೇಳಾಪಟ್ಟಿ. ಹಾನಗಲ್ಲ, ಸವಣೂರ, ಹಿರೇಕೆರೂರ ಅಂತ ಬಸ್ ನಿಲ್ದಾಣಗಳಿಗೆಲ್ಲ ಹೋಗಿ, ಕಂಡಕ್ಟರುಗಳನ್ನು ಕೇಳಿ ಬರೆದುಕೊಂಡು ಬಂದೆ. ಎಲ್ಲಿಂದ, ಎಲ್ಲಿಗೆ, ಎಷ್ಟು ಗಂಟೆಗೆ, ಕೊನೆಗೆ ಸೂಚನೆ ಎಂದು ನಾಲ್ಕು ಕಾಲಂ. ಹಳೆಯ ರೂಢಿಯಂತೆ ಒಂದು ಅಳತೆ ಹಿಡಿದು, ಸಾವಿರದ ಇನ್ನೂರು ಪಿಕ್ಸೆಲ್ ಅಗಲದ ಚೌಕಟ್ಟಿನೊಳಗೆ ಎಲ್ಲವನ್ನೂ ಕೂರಿಸಿದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಚೆಂದವಾಗಿ ಕಂಡಿತು.

ನನ್ನ ಅಕ್ಕನನ್ನು ಹಿರೇಬೆಂಡಿಗೇರಿಗೆ ಕೊಟ್ಟಿದೆ. ಒಂದು ರವಿವಾರ ಅವಳು ಸವಣೂರಿಗೆ ನಾದಿನಿಯ ಮಗಳ ನಿಶ್ಚಯಕ್ಕೆ ಹೊರಟಿದ್ದಳು. ಬಂಕಾಪುರದ ಬಸ್ ನಿಲ್ದಾಣಕ್ಕೆ ಬಂದು, ನನ್ನ ಪುಟ ತೆರೆದು, ಹತ್ತೂವರೆಗೆ ಬಸ್ಸಿದೆ ಎಂದು ನೋಡಿ ನಿಂತಳು. ಬಸ್ಸು ಬರಲೇ ಇಲ್ಲ. ಕೊನೆಗೆ ಟೆಂಪೋ ಹಿಡಿದು ತಲುಪುವಷ್ಟರಲ್ಲಿ ಹುಡುಗಿಗೆ ಉಡಿ ತುಂಬುವುದು ಮುಗಿದೇಹೋಗಿತ್ತು. ಸಂಜೆ ವಾಪಸು ಬರುವಾಗ ಅಕ್ಕ ನೇರ ನಮ್ಮ ಮನೆಗೇ ಬಂದಳು.

“ಎಂಥಾ ಪಟ್ಟಿ ಮಾಡೀಯೋ ತಮ್ಮಾ? ಬಿಸಿಲಾಗ ಎರಡು ತಾಸು ನಿಂತೆ.”

“ರವಿವಾರ ಆ ಬಸ್ ಇಲ್ಲಂತ ಬರದೇನಲ್ಲಕ್ಕಾ.”

“ಎಲ್ಲಿ ಬರದಿ? ತೋರ್ಸು.”

ಅವಳ ಫೋನು ತೆಗೆದುಕೊಂಡು ನೋಡಿದೆ. ಮೂರೇ ಕಾಲಂ ಇದ್ದವು. ಬೆರಳಿನಿಂದ ಎಡಕ್ಕೆ ಎಳೆದಾಗ ನಾಲ್ಕನೆಯದು ಅಂಚಿನಾಚೆಯಿಂದ ಬಂತು: ‘ರವಿವಾರ ಇಲ್ಲ’.

“ಅದು ಅಲ್ಲಿ ಅಡಗಿ ಕುಂತೈತಿ ಅಂತ ನನಗ ಹೆಂಗ ಗೊತ್ತಾಗಬೇಕು?” ಎಂದಳು ಅಕ್ಕ. ಫೋನು ವಾಪಸು ತೆಗೆದುಕೊಂಡು, ಸಿಟ್ಟಿಲ್ಲದೆ ಕೇಳಿದಳು: “ನಿನ್ನ ಪುಟ ನನ್ನ ಫೋನ್ ಎಷ್ಟು ಅಗಲ ಐತಿ ಅಂತ ಕೇಳೂದಿಲ್ಲೇನು?”

ನಾಚಿಕೆಯಾಯಿತು. ಆದರೆ ಆ ಪ್ರಶ್ನೆ ನಾಚಿಕೆಗಿಂತ ಹೆಚ್ಚು ಕಾಡಿತು. ಕಾಗದ ಏನನ್ನೂ ಕೇಳುವುದಿಲ್ಲ. ಪುಟ ಕೇಳಬಲ್ಲುದೇ?

ಕೇಳಬಲ್ಲುದು, ನಾವು ಕಲಿಸಿದರೆ. ಪುಟದಲ್ಲಿ ಇರುವುದೆಲ್ಲ ಕಂಟೇನರುಗಳೊಳಗೆ, ಅಂದರೆ ಒಂದರೊಳಗೊಂದು ಇಟ್ಟ ಪೆಟ್ಟಿಗೆಗಳೊಳಗೆ ಇರುತ್ತದೆ. ನನ್ನ ಹೊರಪೆಟ್ಟಿಗೆಗೆ ಪಿಕ್ಸೆಲ್ಲಿನ ಲೆಕ್ಕ ತೆಗೆದುಹಾಕಿ, ‘ಪರದೆ ಎಷ್ಟಿದೆಯೋ ಅಷ್ಟೇ ಅಗಲ ಇರು’ ಎಂದು ಬರೆದೆ. ಆದರೂ ಪುಟ ಪಕ್ಕಕ್ಕೆ ಸರಿಯುತ್ತಲೇ ಇತ್ತು. ಯಾವುದೋ ಒಂದು ಹೊರಚಾಚಿದೆ, ಯಾವುದು ಎಂದು ತಿಳಿಯದು. ಪ್ರತಿ ಪೆಟ್ಟಿಗೆಗೂ ಒಂದೊಂದು ಬಣ್ಣದ ಗೆರೆ ಹಾಕಿದೆ. ಕೆಂಪು, ಹಸಿರು ಒಳಗೇ ಇದ್ದವು. ನೀಲಿ ಗೆರೆಯೊಂದೇ ಅಂಚು ದಾಟಿ ಹೋಗಿತ್ತು. ನಾಲ್ಕು ಕಾಲಮ್ಮಿನ ಆ ಕೋಷ್ಟಕವೇ ಅದು.

ಕೋಷ್ಟಕ ಬಿಚ್ಚಿದೆ. ಒಂದೊಂದು ಬಸ್ಸಿಗೆ ಒಂದೊಂದು ಸಣ್ಣ ಪೆಟ್ಟಿಗೆ ಮಾಡಿ, ವೇಳೆಯ ಕೆಳಗೇ ಸೂಚನೆ ಇಟ್ಟೆ. ಜಾಗವಿದ್ದರೆ ಮೂರು ಪೆಟ್ಟಿಗೆ ಸಾಲಾಗಿ, ಇಲ್ಲದಿದ್ದರೆ ಒಂದರ ಕೆಳಗೊಂದು. ಮನೆಯ ಕಂಪ್ಯೂಟರಿನಲ್ಲಿ ಪುಟ ತೆರೆದಿದ್ದ ಕಿಟಕಿಯ ಅಂಚನ್ನು ಮೌಸಿನಿಂದ ಹಿಡಿದು ಮೆಲ್ಲಗೆ ಒಳಗೆ ತಂದರೆ ಮೂರನೆಯದು ಕೆಳಗಿಳಿಯುತ್ತಿತ್ತು, ಆಮೇಲೆ ಎರಡನೆಯದು. ಒಂದು ಮಧ್ಯಾಹ್ನವೆಲ್ಲ ಅದನ್ನೇ ಮಾಡುತ್ತ ಕುಳಿತೆ.

“ಏನ್ ನೋಡಾಕತ್ತೀರಿ ಅಷ್ಟೊತ್ತಿಂದ?” ಎಂದಳು ಹೆಂಡತಿ.

“ಜಾಗಾ ಕಡಿಮಿ ಆತಂದ್ರ ತಾವ ಕೆಳಗ ಇಳೀತಾವು ನೋಡು.”

ಅವಳು ಮೌಸು ಕಸಿದುಕೊಂಡು ಎರಡು ಸಲ ಎಳೆದು ನೋಡಿ, ಒಲೆಯ ಮೇಲಿನ ಹಾಲು ನೆನಪಾಗಿ ಓಡಿದಳು.

ಅಕ್ಕನ ಫೋನಿನಲ್ಲಿ ಈಗ ಎಲ್ಲ ಕಂಡಿತು. ಕೆಲಸ ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ಹಿರೇಕೆರೂರಿನ ಚಹಾದಂಗಡಿಯವರೊಬ್ಬರು ಆ ಪುಟವನ್ನು ಗೋಡೆಯ ದೊಡ್ಡ ಟಿವಿಯಲ್ಲಿ ಹಾಕಿದ್ದಾರೆಂದು ತಿಳಿದು, ಕುತೂಹಲ ತಡೆಯದೆ ನೋಡಲು ಹೋದೆ. ಪುಟದ ಮೇಲ್ಭಾಗದಲ್ಲಿ ನಾನು ಬರೆದಿದ್ದ ಪ್ರಕಟಣೆಯ ಒಂದೊಂದು ಸಾಲೂ ಟಿವಿಯ ಈ ತುದಿಯಿಂದ ಆ ತುದಿಗೆ ಹಬ್ಬಿತ್ತು. ಒಬ್ಬ ಹಿರಿಯರು ಕತ್ತು ತಿರುಗಿಸುತ್ತ ಒಂದು ಸಾಲು ಓದಿ, ಮರಳಿ ಬಂದು, ಮುಂದಿನ ಸಾಲು ಹಿಡಿಯಲಾರದೆ ಅದೇ ಸಾಲನ್ನೇ ಮತ್ತೆ ಓದುತ್ತಿದ್ದರು.

“ಭಾಳ ಉದ್ದ ಆತ್ರಿ ಸಾಲು, ಕಣ್ಣು ದಾರಿ ತಪ್ಪತಾವ,” ಎಂದರು.

ಸಣ್ಣ ಪರದೆಯೊಂದನ್ನೇ ಯೋಚಿಸಿದ್ದೆ. ದೊಡ್ಡದಕ್ಕೂ ಒಂದು ಮಿತಿ ಬೇಕೆಂದು ಹೊಳೆದೇ ಇರಲಿಲ್ಲ. ಮನೆಗೆ ಬಂದು, ‘ಪರದೆ ಎಷ್ಟೇ ದೊಡ್ಡದಿರಲಿ, ಇಷ್ಟರಾಚೆ ಬೆಳೆಯಬೇಡ, ಉಳಿದ ಜಾಗ ಎರಡೂ ಬದಿಗೆ ಸಮನಾಗಿ ಬಿಡು’ ಎಂದು ಹೊರಪೆಟ್ಟಿಗೆಗೆ ಹೇಳಿದೆ.

ಮರುದಿನ ಅಂಗಡಿಯವರ ಫೋನು ಬಂತು.

“ಎರಡೂ ಕಡೆ ಖಾಲಿ ಬಿಟ್ಟೀರಲ್ರಿ, ಅಲ್ಲೇನರ ಹಾಕವ್ರದೀರೇನು?”

“ಏನೂ ಇಲ್ರಿ. ಓದಾಕ ಹಗೂರ ಆಗ್ಲಿ ಅಂತ ಬಿಟ್ಟೇನಿ.”

“ಹೌದ್ ಬಿಡ್ರಿ, ಹಾನಗಲ್ಲ ಬಸ್ ಯಾವಾಗಂತ ನನ್ನ ಕೇಳೂದ ಬಿಟ್ಟಾರ ಮಂದಿ,” ಎಂದು ನಕ್ಕರು.