ಲೆಕ್ಕಕ್ಕೆ ಸಿಗದ ಮೂರು ಕಿಲೋಮೀಟರ್

ಅರವತ್ತು ದಾಟಿದ ಮೇಲೂ ಅವರ ಮೀನಖಂಡಗಳು ಎಣ್ಣೆ ಹಚ್ಚಿದ ಒನಕೆಯ ಹಾಗಿದ್ದವು. ಎತ್ತಿ ಕಟ್ಟಿದ ಲುಂಗಿಯ ಕೆಳಗೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದೇ ಅವು. ಆಮೇಲೆ ಗ್ರೀಸು ಮೆತ್ತಿದ ಕೈ, ಆಮೇಲೆ ಬಲಗಿವಿಗೆ ಸಿಕ್ಕಿಸಿದ ಸೀಮೆಸುಣ್ಣದ ತುಂಡು. ಸೇಲಂನಿಂದ ಏರ್ಕಾಡಿಗೆ ಹತ್ತುವ ಘಾಟ್ ರಸ್ತೆಯ ಬುಡದಲ್ಲಿ ಅವರ ಸೈಕಲ್ ಅಂಗಡಿ ಇತ್ತು. ನಾನು ಮಾವ ಎನ್ನುತ್ತಿದ್ದೆ. ಸಂಬಂಧ ಏನೂ ಇಲ್ಲ, ನಮ್ಮ ನಮ್ಮ ಮನೆಯಲ್ಲಿ ಇಬ್ಬರೂ ಕನ್ನಡ ಆಡುತ್ತಿದ್ದೆವು, ಅಷ್ಟೇ.

ಅದು ಗೊತ್ತಾದದ್ದೂ ಆಕಸ್ಮಿಕವಾಗಿ. ಮೊದಲ ದಿನ ತಮಿಳಿನಲ್ಲೇ ವ್ಯಾಪಾರ ನಡೆದಿತ್ತು. ನಡುವೆ ಅಮ್ಮನ ಫೋನು ಬಂತು, ಕನ್ನಡದಲ್ಲಿ ಗದರಿ ಇಟ್ಟೆ. ಅವರು ಸ್ಪ್ಯಾನರು ಕೆಳಗಿಟ್ಟು, "ಅಡಡಾ, ನಮ್ಮೋಳಾ ನೀನು? ಮೊದ್ಲೇ ಯೋಳ್ಬಾರ್ದಾ!" ಎಂದರು. ಪಾಪಿರೆಡ್ಡಿಪಟ್ಟಿ ಕಡೆಯ ಒಕ್ಕಲು ಮನೆತನ ಅವರದು. ಆಮೇಲೆ ಕಾಪಿ ತರಿಸಿ, ಸ್ಟೂಲು ಒರೆಸಿ ಕೂರಿಸಿದರು.

ನಾನು ನರ್ಸು. ಏರ್ಕಾಡಿನಾಚೆಯ ಕಾಫಿ ಎಸ್ಟೇಟುಗಳಲ್ಲಿ ಕೂಲಿಯವರ ಲೈನುಮನೆಗಳಿಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವುದು ನನ್ನ ಕೆಲಸ. ಬಸ್ಸು ಏರ್ಕಾಡಿನವರೆಗೆ ಮಾತ್ರ, ಅಲ್ಲಿಂದಾಚೆ ಬರೀ ಕಲ್ಲುದಾರಿ. ಸ್ಕೂಟರು ಆ ಕಲ್ಲಿನಲ್ಲಿ ನನ್ನನ್ನು ಎರಡು ಸಲ ಕೆಡವಿತ್ತು. ಅದಕ್ಕೇ ದಪ್ಪ ಟೈರಿನ ಎಲೆಕ್ಟ್ರಿಕ್ ಮೌಂಟನ್ ಬೈಕು ಕೊಳ್ಳೋಣವೆಂದು ಹೋಗಿದ್ದೆ. ಕೈಯಲ್ಲಿದ್ದ ಕಾಗದದಲ್ಲಿ, ಒಂದು ಚಾರ್ಜಿಗೆ ನೂರಿಪ್ಪತ್ತು ಕಿಲೋಮೀಟರ್ ಎಂದಿತ್ತು.

ಅವರು ಓದಿ ನಕ್ಕರು. "ಆ ಕಂಪ್ನಿಯೋನು ಬಯಲಾಗೆ, ಗಾಳಿ ಇಲ್ದಿರೋ ಒತ್ನಾಗೆ, ಕೋಳಿಮರೀನ ಕೂಡ್ಸಿ ಓಡ್ಸಿರ್ತಾನೆ ತಾಯಿ. ಅರ್ಧ ಅವನ್ಗೇ ಬುಡು. ಉಳಿದಿದ್ರಾಗೆ ಅರ್ಧ ಬೆಟ್ಟಕ್ಕೆ ಬುಡು. ಮಿಕ್ಕಿದ್ದು ನಿಂದು. ಕಾಗದದ ಮ್ಯಾಲೆ ಸುಳ್ಳು ಬರೀಬೋದು, ಬೆಟ್ಟಕ್ಕೆ ಸುಳ್ಳು ಯೋಳಾಕಾಗಲ್ಲ."

ನಾನು ಆರಿಸಿಕೊಂಡದ್ದು ಹಿಂದಿನ ಚಕ್ರದೊಳಗೇ ಮೋಟಾರಿದ್ದ ಅಗ್ಗದ ಬೈಕು. ಅದನ್ನು ಕೊಡಲು ಅವರು ಸುತರಾಂ ಒಪ್ಪಲಿಲ್ಲ. "ಚಕ್ರದಾಗೆ ಮೋಟ್ರು ಇರೋದು ಬಯಲಿಗೆ. ಬೆಟ್ಟಕ್ಕೆ ಪೆಡಲ್ ತಾವ ಮೋಟ್ರು ಇರ್ಬೇಕು, ಆಗ ಗೇರು ಇಳಿಸಿದ್ರೆ ಅದ್ಕೂ ಅಗುರ ಆಯ್ತೈತೆ. ಬ್ಯಾಟ್ರಿ ಚಿಕ್ಕದಾದ್ರೂ ಪರವಾಲ್ಲೆ."

ಅದನ್ನೂ ಹಾಗೇ ಕೈಗೆ ಕೊಡುವವರಲ್ಲ. ಯಾರು ಬೈಕು ಕೊಂಡರೂ ಪಕ್ಕದ ಅಕ್ಕಿ ಮಂಡಿಯ ಮೂಟೆ ತೂಗುವ ಯಂತ್ರದ ಮೇಲೆ ಸಾಮಾನಿನ ಸಮೇತ ನಿಲ್ಲಬೇಕು. ಆ ತೂಕ ಅಂಗಡಿಯ ಗೋಡೆಗೆ ಸೀಮೆಸುಣ್ಣದಲ್ಲಿ ಏರುತ್ತಿತ್ತು. ಅಷ್ಟೇ ತೂಕವಾಗುವ ಹಾಗೆ ಅಕ್ಕಿ ಕಟ್ಟಿಕೊಂಡು ಅವರೇ ಗಿರಾಕಿಯ ದಾರಿಯಲ್ಲಿ ಹೋಗಿ ಬರುತ್ತಿದ್ದರು. ಬ್ಯಾಟರಿಯ ಒಂದೊಂದು ಗೆರೆ ಇಳಿದಲ್ಲೂ ರಸ್ತೆಬದಿಯ ಕಲ್ಲಿನ ಮೇಲೆ ಒಂದು ಗುರುತು ಹಾಕುತ್ತಿದ್ದರು.

ನನ್ನ ಸರದಿ ಬಂದಾಗ ಮಂಡಿಯ ನಾಲ್ಕು ಜನ ಹಮಾಲರು ಬೀಡಿ ಸೇದುತ್ತ ನೋಡುತ್ತಿದ್ದರು. ಲೈನಿನ ಹೆಂಗಸರನ್ನೆಲ್ಲ ತೂಕಕ್ಕೆ ನಿಲ್ಲಿಸಿ, ಅಕ್ಕಿ ಕಡಿಮೆ ತಿನ್ನಿ ಎಂದು ಗದರುವವಳು ನಾನು. ಆದರೆ ನನ್ನ ಕಾಲು ಮೇಲೇಳಲಿಲ್ಲ.

"ಬೇಡ ಮಾವ, ನನ್ ತೂಕ ನನಗೆ ಗೊತ್ತು. ಐವತ್ತೈದು," ಎಂದೆ.

ಇದ್ದದ್ದು ಅರವತ್ತೆಂಟು.

ಅವರು ತಲೆಯೆತ್ತಿ ನನ್ನನ್ನು ಅಳೆಯಲೂ ಇಲ್ಲ. "ನರ್ಸಮ್ಮ ಯೋಳಿದ್ ಮ್ಯಾಲೆ ಇನ್ನೇನೈತೆ," ಎಂದು ನನ್ನ ಔಷಧಿ ಪೆಟ್ಟಿಗೆಯನ್ನಷ್ಟೇ ತೂಗಿ, ಅದರ ಜೊತೆ ಗೋಡೆಯ ಮೇಲೆ ಬರೆದುಕೊಂಡರು. ಮಾರನೆಯ ದಿನ ಸಂಜೆ ಬೆವರೊರೆಸಿಕೊಳ್ಳುತ್ತ ಬಂದು, "ಲೈನು ಮುಟ್ಟೋಗಂಟ ಬ್ಯಾಟ್ರಿ ಬಂತು. ಧೈರ್ಯವಾಗಿ ಓಗು. ಅಲ್ಲಿ ಚಾರ್ಜ್ ಆಕೊಂಡು ಇಳಿ," ಎಂದರು.

ಎರಡು ತಿಂಗಳು ಎಲ್ಲ ಸರಿಯಿತ್ತು. ಆಗ ಏರ್ಕಾಡಿನಲ್ಲೇ ನಿಲ್ಲುತ್ತಿದ್ದೆ, ಇಲ್ಲವೆ ಅಲ್ಲಿ ಊಟ ಮಾಡುವ ಹೊತ್ತಿಗೆ ಬೈಕೂ ಚಾರ್ಜಾಗುತ್ತಿತ್ತು. ಧನುರ್ಮಾಸದ, ಇಲ್ಲಿಯವರ ಮಾರ್ಗಳಿಯ, ಮಂಜಿನಲ್ಲಿ ಒಂದು ಬೆಳಿಗ್ಗೆ ಲೈನಿನಿಂದ ಫೋನು ಬಂತು. ಚೊಚ್ಚಲ ಹೆರಿಗೆ, ದಿನ ತುಂಬುವ ಮೊದಲೇ ನೋವು. ಎಲ್ಲೂ ನಿಲ್ಲದೆ ಹೊರಟೆ. ಇನ್ನೂ ಐದು ಕಿಲೋಮೀಟರ್ ಇರುವಾಗ, ಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಓಕ್ ಮರದ ಹತ್ತಿರ, ಮೋಟಾರು ಸುಮ್ಮನಾಯಿತು. ಭಾರದ ಬೈಕನ್ನು ಅಲ್ಲೇ ಮರಕ್ಕೆ ಒರಗಿಸಿ, ಪೆಟ್ಟಿಗೆ ಹೊತ್ತು ಓಡಿದೆ, ನಡೆದೆ, ಮತ್ತೆ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಕಾಫಿ ಕೊಯ್ಯುವ ಒಬ್ಬ ಮುದುಕಿ ಹೆರಿಗೆ ಮಾಡಿಸಿದ್ದಳು. ಮಗು ನೀಲಿಯಾಗಿ ಅವಳ ಮಡಿಲಲ್ಲಿತ್ತು, ಅತ್ತಿರಲಿಲ್ಲ. ಅದರ ಬಾಯಿ ಒರೆಸಿ, ಬೆನ್ನು ಉಜ್ಜಿ, ಉಸಿರು ಕೊಟ್ಟೆ. ಕೊನೆಗೆ ಬೆಕ್ಕಿನ ಮರಿಯಷ್ಟು ದನಿ ತೆಗೆಯಿತು. ಬದುಕಿತು.

ಇಳಿದು ಬಂದವಳೇ ಅಂಗಡಿಯ ಮುಂದೆ ನಿಂತು ಕೂಗಾಡಿದೆ. "ನಿಮ್ ಲೆಕ್ಕ ನಂಬ್ಕೊಂಡ್ ಓಗಿ ಒಂದ್ ಮಗು ಓಗ್ತಿತ್ತಲ್ಲ ಮಾವ!"

ಅವರು ತಮ್ಮ ಮೀನಖಂಡಗಳನ್ನೇ ನೋಡಿಕೊಂಡರು. "ನನ್ ಕಾಲಮ್ಮ. ಬ್ಯಾಡ ಅಂದ್ರೂ ತುಳೀತೈತೆ. ಅದು ಕಣಕ್ಕಿಗೆ, ಲೆಕ್ಕಕ್ಕೆ, ಸೇರ್ಕೊಂಬುಡ್ತು. ತಪ್ಪಾತು."

ಆ ಕ್ಷಣದಲ್ಲಿ ಹದಿಮೂರು ಕಿಲೋ ನನ್ನ ನಾಲಿಗೆಯ ತುದಿಯಲ್ಲಿತ್ತು. ಕೋಪದ ಮೇಲೆ ಕೂತಿದ್ದವಳಿಗೆ ಇಳಿಯಲು ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡೆ, ದರಿದ್ರದವಳು.

ಮಾರನೆಯ ದಿನ ಅಂಗಡಿ ಮುಚ್ಚಿ ನನ್ನ ಬೈಕಿನಲ್ಲಿ ಮತ್ತೆ ಹತ್ತಿದರು, ಅದೇ ಐವತ್ತೈದು ಕಿಲೋ ಲೆಕ್ಕದಲ್ಲಿ. ಈ ಸಲ ಪೆಡಲಿನ ಮೇಲೆ ಕಾಲು ಸುಮ್ಮನೆ ಇಟ್ಟುಕೊಂಡು ಹೋದರಂತೆ. ಬ್ಯಾಟರಿ ಮುಗಿದಲ್ಲಿ, ಲೈನಿಗೆ ಎರಡು ಕಿಲೋಮೀಟರ್ ಇರುವಾಗ, ಬಿಳಿ ಬಣ್ಣದ ಗುರುತು ಹಾಕಿ ಬಂದರು. "ಕಮ್ಮಿ ಬಿದ್ದ ಐದ್ರಾಗೆ ಎರಡು ಕಿಲೋಮೀಟ್ರು ಸಿಕ್ತು ತಾಯಿ, ಅದು ನನ್ ಕಾಲಿಂದು. ಇನ್ನು ಮೂರು ಎಲ್ಲಿ ಓಯ್ತು?"

ಅಲ್ಲಿಂದ ಅದು ಅವರನ್ನು ಹಿಡಿದುಕೊಂಡಿತು. ಎದುರು ಸಿಕ್ಕಾಗಲೆಲ್ಲ ಒಂದು ಹೊಸ ಅನುಮಾನ. ಚಳಿಗೆ ಬ್ಯಾಟರಿ ಸೊರಗಿತೇ? ಟೈರಿನಲ್ಲಿ ಗಾಳಿ ಕಡಿಮೆಯಿತ್ತೇ? ಬ್ರೇಕು ಉಜ್ಜುತ್ತಿತ್ತೇ? ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ. ಅವರು ಒಂದೊಂದನ್ನೂ ಪರೀಕ್ಷೆ ಮಾಡಿ ಬಂದು, "ಅದಲ್ಲ," ಎನ್ನುತ್ತಿದ್ದರು. ಹೊಸ ಗಿರಾಕಿ ಬಂದರೆ, "ನನ್ ಕಣಕ್ಕು ನಂಬ್ಬೇಡಪ್ಪ, ಒಂದ್ಸಲ ತಪ್ಪೈತೆ," ಎಂದು ಅವರೇ ಹೇಳುವುದನ್ನು ನಾನು ಕಿವಿಯಾರೆ ಕೇಳಿದೆ. ಕೊನೆಕೊನೆಗೆ ಎಲೆಕ್ಟ್ರಿಕ್ ಬೈಕು ಮಾರುವುದನ್ನೇ ಬಿಟ್ಟು, ಬರೀ ಪಂಕ್ಚರ್ ಹಾಕುತ್ತ ಕೂತರು.

ಎರಡು ವರ್ಷದ ಮೇಲೆ ಎದೆನೋವೆಂದು ಮಲಗಿದರು. ನೋಡಲು ಹೋದೆ. ಹೊದಿಕೆಯ ಹೊರಗೆ ಚಾಚಿದ್ದ ಕಾಲು ಕಡ್ಡಿಯಾಗಿತ್ತು. ನಾಡಿ ನೋಡಲು ಕೈ ಹಿಡಿದಾಗ ಕಣ್ಣು ಬಿಟ್ಟು, "ಆ ಮೂರು ಸಿಕ್ತಾ ತಾಯಿ?" ಎಂದರು.

ಹೇಳಿಬಿಡಬೇಕೆಂದೇ ಹೋಗಿದ್ದೆ, ದೇವರಾಣೆ. ಅವರ ಹೆಂಡತಿ ಕಾಪಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. "ಗಾಳಿ ಕಮ್ಮಿ ಇತ್ತು ಮಾವ," ಎಂದೆ.

"ಅದು ನೋಡಿದ್ನಲ್ಲಮ್ಮ," ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದರು. ನನ್ನೊಡನೆ ಅವರಾಡಿದ ಕೊನೆಯ ಮಾತು ಅದು. ಮೂರನೆಯ ದಿನ ಹೋಗಿಬಿಟ್ಟರು.

ಈಗಲೂ ಅದೇ ಬೈಕು, ಅದೇ ದಾರಿ. ಸೀಮೆಸುಣ್ಣದ ಗುರುತುಗಳೆಲ್ಲ ಮಳೆಗೆ ತೊಳೆದುಹೋಗಿವೆ, ಬಿಳಿ ಬಣ್ಣದ್ದು ಮಾತ್ರ ಉಳಿದಿದೆ. ಅದಕ್ಕಿಂತ ಮೂರು ಕಿಲೋಮೀಟರ್ ಮೊದಲೇ ಆ ಸಿಲ್ವರ್ ಓಕ್ ಮರ ಬರುತ್ತದೆ. ಬ್ಯಾಟರಿ ತುಂಬಿದ್ದರೂ ಅಲ್ಲಿ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಮಂಜಿದ್ದ ದಿನ ಬೆನ್ನ ಹಿಂದೆ ಸೈಕಲ್ ಚೈನಿನ ಸದ್ದು ಕೇಳುತ್ತದೆ. ತಿರುಗಿ ನೋಡುವುದಿಲ್ಲ. ಎಲ್ಲಿ ಓಯ್ತು ತಾಯಿ ಆ ಮೂರು, ಎಂದು ಅವರು ಕೇಳುತ್ತಾರೆ.

"ನನ್ ತಾವೇ ಐತೆ ಮಾವ," ಎನ್ನುತ್ತೇನೆ, ಗಟ್ಟಿಯಾಗಿ. "ಅರವತ್ತೆಂಟು."