ಅವ್ವನ ಭಾಷಣ ಹುಡುಕಿದ್ದು

ಹೆತ್ತ ತಾಯಿಯ ಹೆಸರನ್ನು ಕಂಪ್ಯೂಟರಿನಲ್ಲಿ ಬರೆದು ಹುಡುಕಿ, 'ಏನೂ ಸಿಗಲಿಲ್ಲ' ಎಂದು ಹೇಳಿಸಿಕೊಳ್ಳುವುದು ಅಷ್ಟೇನೂ ಹಿತವಾದ ಅನುಭವವಲ್ಲ. ಅದೂ ಪಕ್ಕದ ಅಡುಗೆಮನೆಯಲ್ಲಿ ಅವಳೇ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿರುವಾಗ. ನಾನು 'ಗಂಗವ್ವ' ಎಂದು ಬರೆದೆ. ಅದು ಸ್ವಲ್ಪ ಯೋಚಿಸಿ, ಗಂಗಾನದಿ ಮಲಿನವಾಗಿರುವ ಕುರಿತು ಒಂದು ಉಪನ್ಯಾಸ ಇದೆ, ಬೇಕೇ ಎಂದು ಕೇಳಿತು. ಬೇಡವೆಂದೆ.

ಈ ಹುಡುಕಾಟಕ್ಕೆ ಕಾರಣ ನಮ್ಮ ಮನೆಯ ಒಂದು ಹಳೆಯ ಜಗಳ. ಅವ್ವ ಹರೆಯದಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿದವಳು. ವಖಾರಿ ಎಂದರೆ ಗೋದಾಮು. ಹೆಂಗಸರು ದಿನವಿಡೀ ಕೂತು ತಂಬಾಕು ಜರಡಿ ಹಿಡಿಯುವ, ಒಳಗೆ ಕಾಲಿಟ್ಟವರೆಲ್ಲ ಸೀನುವ ಜಾಗ. ಆ ಕಾಲದಲ್ಲಿ ಅಲ್ಲಿ ಕೆಲಸಗಾರ್ತಿಯರ ಸಭೆಗಳಾಗುತ್ತಿದ್ದವು. ಅಂಥ ಒಂದು ಸಭೆಯಲ್ಲಿ ತಾನು ಮೈಕಿನ ಮುಂದೆ ನಿಂತು ಭಾಷಣ ಮಾಡಿದೆ, ನೀರಿನ ನಳ ಕೇಳಿದೆ ಎಂಬುದು ಅವ್ವನ ಮಾತು. ಅಪ್ಪನ ತಂಗಿ, ಬೋರಗಾಂವದ ಸೋನವ್ವ ಅತ್ತೆಯೂ ಆ ಸಭೆಯಲ್ಲಿದ್ದವಳೇ. ಆಕೆಯ ಪ್ರಕಾರ ಅವ್ವ ಮೈಕಿನ ಮುಂದೆ ನಿಂತದ್ದು ನಿಜ, ಮಂದಿ ನಕ್ಕದ್ದು ನಿಜ, ಅವ್ವ ಇಳಿದು ಬಂದದ್ದೂ ನಿಜ. ಭಾಷಣ ಮಾತ್ರ ಆಗಲಿಲ್ಲ. ಹಬ್ಬಕ್ಕೊಮ್ಮೆ ಅತ್ತೆ ಚಿಕ್ಕೋಡಿಯ ನಮ್ಮ ಮನೆಗೆ ಬಂದರೆ ಹೋಳಿಗೆಯ ಜೊತೆ ಈ ವಾದವೂ ಎಲೆಗೆ ಬೀಳುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಅವ್ವ ಮಾತ್ರ ನಗುತ್ತಿರಲಿಲ್ಲ. ಈಚೆಗೆ ಅವಳು ಆ ಮಾತು ಎತ್ತುವುದನ್ನೇ ಬಿಟ್ಟಿದ್ದಳು, ಅದು ನನಗೆ ಜಗಳಕ್ಕಿಂತ ಹೆಚ್ಚು ಕಷ್ಟವಾಯಿತು.

ಅಷ್ಟರಲ್ಲಿ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಒಂದು ಸುದ್ದಿ ತಂದರು. ಹಿಂದೆ ಯಾರೋ ಪುಣ್ಯಾತ್ಮರು ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಿ ಚಳವಳಿಗಳ ಸಭೆಗಳನ್ನು ಧ್ವನಿಮುದ್ರಿಸಿದ್ದರಂತೆ. ಬೂಸ್ಟು ಹಿಡಿಯುತ್ತಿದ್ದ ಆ ಕ್ಯಾಸೆಟ್ಟುಗಳನ್ನೆಲ್ಲ ಈಗ ಯಾರು ಬೇಕಾದರೂ ಕೇಳುವಂತೆ ಅಂತರ್ಜಾಲಕ್ಕೆ ಏರಿಸಿದ್ದಾರಂತೆ. ನಾನು ಗಣಿತದ ಮಾಸ್ತರ. ಸಾಕ್ಷಿ ಇದೆ ಎಂದ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ.

ಹೆಸರಿನಿಂದ ಸಿಗದಾಗ ಕ್ರಮವಾಗಿ ಹೊರಟೆ. ಅವ್ವ ಮಾಡಿದ್ದು ಭಾಷಣ; ಆದ್ದರಿಂದ 'ಭಾಷಣಗಳು' ಎಂಬ ವಿಭಾಗ. ನಿಪ್ಪಾಣಿಯ ಸುತ್ತಿನ ಭಾಷಣಗಳನ್ನು ಒಂದೊಂದಾಗಿ ಕೇಳತೊಡಗಿದೆ. ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ. ಹಲವು ಕನ್ನಡದಲ್ಲಿ ಹೊರಟು ಕೊಗನೊಳ್ಳಿಯ ಗಡಿ ನಾಕೆ ದಾಟಿದವರಂತೆ ನಡುವೆಯೇ ಮರಾಠಿಗೆ ಹೋಗುವಂಥವು. ಒಳ್ಳೆಯ ಮಾತುಗಳೇ, ಸುಳ್ಳು ಹೇಳಬಾರದು. ಆದರೆ ಒಂದು ಗಮನಿಸಿದೆ: ನಮ್ಮ ಭಾಷಣಕಾರರಿಗೆ ಪೀಠಿಕೆಯ ಮೇಲೆ ಬಲು ಪ್ರೀತಿ. ವೇದಿಕೆಯ ಮೇಲಿದ್ದವರನ್ನೆಲ್ಲ ನೆನೆದು, ಕೆಳಗಿದ್ದವರಿಗೆ ಕೈಮುಗಿದು, ಮುಖ್ಯ ಮಾತಿಗೆ ಬರುವಷ್ಟರಲ್ಲಿ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದಿರುತ್ತದೆ. ಇದನ್ನು ಟೀಕಿಸುವ ಹಕ್ಕು ನನಗಿಲ್ಲ. ಪೈಥಾಗೊರಸನ ಪ್ರಮೇಯಕ್ಕೆ ಬರುವ ಮೊದಲು ನಾನೂ ಅರ್ಧ ತಾಸು ಗ್ರೀಸಿನಲ್ಲಿ ಅಡ್ಡಾಡುವವನೇ. ಅಂತೂ ಎಲ್ಲಿಯೂ ಅವ್ವ ಇರಲಿಲ್ಲ. ಅತ್ತೆಯ ಮಾತೇ ಸರಿ ಇರಬಹುದು ಎಂದು ಅನಿಸತೊಡಗಿತು, ಮತ್ತು ಹಾಗನಿಸಿದ್ದಕ್ಕೆ ಅವ್ವನ ಮುಖ ನೋಡಲು ನಾಚಿಕೆಯಾಯಿತು.

ಒಂದು ಭಾನುವಾರ ಭಾಷಣಗಳಿಂದ ದಣಿದು, ಹಾಡಾದರೂ ಕೇಳೋಣವೆಂದು 'ಹಾಡು, ಹಾಸ್ಯ, ಇತರೆ' ಎಂಬ ವಿಭಾಗಕ್ಕೆ ಹೋದೆ. ಅಲ್ಲಿ ಒಂದು ತುಣುಕು: 'ಸಭೆಯ ನಡುವೆ ಹಾಸ್ಯ. ಅಪರಿಚಿತ ಮಹಿಳೆ.' ಒತ್ತಿದೆ. ಸಭೆ ನಡೆಸುವ ಗಂಡಸು ಮರಾಠಿಯಲ್ಲಿ, "ಪೂರ್ಣ ನಾವ ಸಾಂಗಾ, ಬಾಯಿ" ಎನ್ನುತ್ತಾನೆ, ಪೂರ್ತಿ ಹೆಸರು ಹೇಳಮ್ಮ ಎಂದು. ಆಮೇಲೆ ಬರೀ ಗಾಳಿಯ ಸದ್ದು. ಯಾರೋ ಕಿಸಕ್ಕೆಂದರು.

ಆ ಮೌನ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪೂರ್ತಿ ಹೆಸರೆಂದರೆ ನಡುವೆ ಗಂಡನ ಹೆಸರು ಬರಬೇಕು. ಗಂಡನ ಹೆಸರನ್ನು ಹೆಂಗಸು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಲೇಬೇಕಾದರೆ ಪ್ರಾಸ ಹಾಕಿ, ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಬೇಕು. ಮದುವೆಯಲ್ಲಿ, ಸೀಮಂತದಲ್ಲಿ ಹೊಸ್ತಿಲಿಗೆ ಅಡ್ಡ ನಿಂತು ಹೇಳಿಸುತ್ತಾರಲ್ಲ, ಅದೇ. ಆ ಹೆಣ್ಣುಮಗಳು ಚಳವಳಿಯ ಮೈಕಿನ ಮುಂದೆ ಅದನ್ನೇ ಮಾಡಿದಳು:

"ತಂಬಾಕದ ಕೈಲೆ ಕೂಸಿಗಿ ಹಾಲ ಕುಡಿಸೂದ ಹ್ಯಾಂಗ?
ನಳಾ ಕೂಡಸ್ರಿ ಮದಲ, ಬಾಳಪ್ಪನ ಹೆಸರ ಹೇಳತೀನಿ ಆಮ್ಯಾಗ."

ಹೇಳುವುದಿಲ್ಲ ಎನ್ನುತ್ತಲೇ ಹೇಳಿಬಿಟ್ಟಿದ್ದಳು. ಸಭೆ ಹೋ ಎಂದು ನಕ್ಕಿತು. ಆ ನಗುವಿನಲ್ಲಿ ಅವಳು ಮುಂದೆ ಏನೋ ಹೇಳಲು ಹೊರಟಳು, ಅದು ಕೇಳುವುದಿಲ್ಲ. ನಿರೂಪಕ ಮುಂದಿನವರನ್ನು ಕರೆದ.

ಬಾಳಪ್ಪ ನನ್ನ ಅಪ್ಪ. ತೀರಿಕೊಂಡು ಬಹಳ ವರ್ಷವಾಯಿತು. ಆ ಕೂಸು ನಾನು. ನನಗೆ ಅಳು ಬಂತು, ಮುಚ್ಚಿಡುವುದೇನಿದೆ.

ಪಂಚಮಿಗೆ ಅತ್ತೆ ಬಂದಾಗ ಇಬ್ಬರನ್ನೂ ಕೂರಿಸಿ ಕೇಳಿಸಿದೆ. ಅಣ್ಣನ ಹೆಸರು ಬಂದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಸೋಲುವ ಪೈಕಿ ಅಲ್ಲ. "ವೈನಿ, ಇದು ಒಡಪ ಐತಿ. ಭಾಷಣ ಎಲ್ಲೈತಿ?" ಎಂದು ಅತ್ತಿಗೆಯನ್ನು ಕೇಳಿದಳು. ಅದನ್ನು ಹಾಸ್ಯದ ವಿಭಾಗಕ್ಕೆ ಸೇರಿಸಿದವರಿಗೂ ಹಾಗೆಯೇ ಅನಿಸಿತ್ತಲ್ಲ. ನಾನು ಮಾಸ್ತರನ ಧಾಟಿಯಲ್ಲಿ ವಾದಿಸಿದೆ. ಕಷ್ಟ ಏನು, ಪರಿಹಾರ ಏನು, ಯಾವುದು ಮೊದಲಾಗಬೇಕು, ಎಲ್ಲವೂ ಎರಡು ಸಾಲಿನಲ್ಲಿದೆ. ನಾನು ಕೇಳಿದ ಭಾಷಣಗಳಲ್ಲಿ ಪೀಠಿಕೆಯಿಲ್ಲದ್ದು ಇದೊಂದೇ. ನಳ ಬಂತೇ ಎಂದು ಅವ್ವನನ್ನು ಕೇಳಿದೆ. ಬಂತಂತೆ, ಆ ಹೊತ್ತಿಗೆ ನಾನು ಮೊಲೆ ಬಿಟ್ಟು ಭಕ್ಕರಿ ತಿನ್ನುತ್ತಿದ್ದೆನಂತೆ. ಉಳಿದವರ ಕೂಸುಗಳಿಗಾಯಿತು ಎಂದಳು.

ಸಂಗ್ರಹದವರಿಗೆ ಬರೆದೆ: ಇದು ಹಾಸ್ಯವಲ್ಲ, ಭಾಷಣ, ಈಕೆ ಅಪರಿಚಿತಳಲ್ಲ, ನನ್ನ ತಾಯಿ. ಅವರು ಸೌಜನ್ಯದಿಂದ ಒಪ್ಪಿ, ತಿದ್ದುತ್ತೇವೆ, ಭಾಷಣಕಾರರ ಪೂರ್ಣ ಹೆಸರು ತಿಳಿಸಿ ಎಂದು ಮರುದಿನವೇ ಉತ್ತರಿಸಿದರು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಅತ್ತೆ ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ಅವ್ವನನ್ನೇ ನೋಡಿದಳು.

"ಅವತ್ತೂ ಪೂರ್ತಿ ಹೆಸರ ಕೇಳೇ ನನ್ನ ಮಾತ ನಗ್ಯಾಗ ಹಾಕಿದ್ರು. ಬರೇ ಗಂಗವ್ವ ಅಂತ ಬರಿ" ಎಂದಳು ಅವ್ವ.

ಗಂಗವ್ವ ಎಂದರೆ ಯಾವ ಗಂಗವ್ವ ಎಂದು ಅವರು ಕೇಳುತ್ತಾರೆ, ನಿಪ್ಪಾಣಿಯಲ್ಲಿ ಗಂಗವ್ವಗಳಿಗೇನು ಬರವೇ ಎಂದೆ ನಾನು.

ಉತ್ತರ ಕೊಟ್ಟದ್ದು ಅವ್ವನಲ್ಲ, ಸೋನವ್ವ ಅತ್ತೆ.

"ನಳಾ ಕೇಳಿದ ಗಂಗವ್ವ ಅಂತ ಬರಿಯೋ. ಅಲ್ಲಿದ್ದಾಕಿ ನಾ ಹೇಳಾಕತ್ತೀನಿ."